ಆಡದೆ ಬರೀ ನೋಡಿ ಗೇಮ್‌ನ ಕಥೆ ಚೆನ್ನಾಗಿಲ್ಲ ಅನ್ನಬಹುದಾ?

ಕಾಫಿಹೂ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ, ಇಲ್ಲಿ ಕೇಳಿಬಿಡೋಣ ಅಂತ ಬಂದೆ.

ಈ ಸಲದ ಮಳೆಗಾಲ ನಮ್ಮ ಕಡೆ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ತೋಟದ ಕೆಲಸ ನಿಂತಿತ್ತು, ಕರೆಂಟ್ ಬಂದರೆ ಬಂತು ಹೋದರೆ ಹೋಯಿತು. ಆಗ ನಾನು 'ದಿ ಲಾಸ್ಟ್ ಆಫ್ ಅಸ್' ಅನ್ನುವ ಗೇಮ್‌ನ ಎರಡನೇ ಭಾಗವನ್ನು ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿದೆ. ಒಬ್ಬರು ಆಡುತ್ತಾ ಹಾಕಿದ ವಿಡಿಯೊ, ಇಪ್ಪತ್ತಕ್ಕೂ ಜಾಸ್ತಿ ಕಂತು. ಕರೆಂಟ್ ಇದ್ದಾಗ ಡೌನ್‌ಲೋಡ್ ಮಾಡಿಕೊಂಡು, ಇಲ್ಲದಾಗ ಕಂಬಳಿ ಹೊದ್ದು ಕೂತು ಫೋನ್‌ನಲ್ಲಿ ನೋಡಿದೆ. ಒಂದು ಕಂತೂ ಬಿಟ್ಟಿಲ್ಲ, ಓಡಿಸಿಯೂ ನೋಡಿಲ್ಲ. ಮುಗಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕಥೆಯನ್ನು ಎಳೆದಿದ್ದಾರೆ. ಸೇಡು ತೀರಿಸಿಕೊಂಡರೆ ಏನೂ ಉಳಿಯುವುದಿಲ್ಲ ಅನ್ನುವುದನ್ನು ಹೇಳಲು ಇಷ್ಟು ಹೊತ್ತು ಬೇಕಿರಲಿಲ್ಲ. ಅರ್ಧಕ್ಕೆ ಬಂದಾಗ ಕಥೆ ನಾಯಕಿ ಎಲೀಯನ್ನು ಬಿಟ್ಟು, ಅವಳು ಸೇಡಿಗಾಗಿ ಹುಡುಕುತ್ತಿರುವ ಆ್ಯಬಿ ಕಡೆಗೆ ಹೊರಳಿದ್ದು ತಪ್ಪು.

ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಮನೆಗೆ ಬಂದಿದ್ದ ದೊಡ್ಡಪ್ಪನ ಮಗನ ಹತ್ತಿರ ಇದನ್ನೇ ಹೇಳಿದೆ. ಅಣ್ಣ ಅದನ್ನು ಎರಡು ಸಲ ಆಡಿ ಮುಗಿಸಿದವನು. ಅವನು ಒಂದೇ ಮಾತಿನಲ್ಲಿ ಮುಗಿಸಿದ: "ನೀನು ಆಡಿಲ್ಲ, ನೋಡಿದ್ದೀಯ ಅಷ್ಟೆ. ಅದರ ಬಗ್ಗೆ ಮಾತಾಡುವ ಹಕ್ಕು ನಿನಗಿಲ್ಲ." ಎಲ್ಲರೂ ಊಟಕ್ಕೆ ಕೂತಿದ್ದಾಗ ಅಂದದ್ದು. ತುಂಬಾ ನೋವಾಯಿತು.

ನನ್ನ ಪ್ರಶ್ನೆ ಇದು. ಪಾತ್ರಗಳು ಆಡಿದ ಪ್ರತಿ ಮಾತು ನಾನು ಕೇಳಿದ್ದೇನೆ. ಪ್ರತಿ ದೃಶ್ಯ ನೋಡಿದ್ದೇನೆ. ಕಥೆ ಅಂದರೆ ಅದೇ ಅಲ್ವಾ? ಇನ್ನೇನು ಉಳಿಯಿತು?

ಬ್ರಹ್ಮಗಿರಿ ಮಂಜು (ಶ್ರೀಮಂಗಲ)

ಅಕ್ಕ, ನಿಮ್ಮ ಅಣ್ಣ ಹೇಳಿದ ರೀತಿ ತಪ್ಪು. ಹಕ್ಕಿಲ್ಲ ಅಂತ ಯಾರೂ ಯಾರಿಗೂ ಹೇಳಬಾರದು. ಆದರೆ ವಿಷಯದಲ್ಲಿ ನಾನು ಅವರ ಕಡೆ.

ಕೈಲ್ ಮುಹೂರ್ತದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ಯಾರ ಕೈ ನಡುಗುತ್ತದೆ, ಯಾರು ಜಾಸ್ತಿ ಹೊತ್ತು ಗುರಿ ಹಿಡಿದು ಕೆಡಿಸಿಕೊಳ್ಳುತ್ತಾರೆ, ಎಲ್ಲಾ ಹೇಳುತ್ತಿದ್ದೆ. ಮೊದಲ ಸಲ ಕೋವಿ ನನ್ನ ಕೈಗೆ ಬಂದಾಗ ಗೊತ್ತಾಯಿತು, ಅಷ್ಟು ವರ್ಷ ನಾನು ನೋಡಿದ್ದು ತೆಂಗಿನಕಾಯಿಯನ್ನು ಮಾತ್ರ. ಹೆಗಲಿಗೆ ಒರಗಿದ ಆ ಭಾರ, ಹಿಂದೆ ನಿಂತು ಸುಮ್ಮನಾಗುವ ಜನ, ಬೆರಳು ಎಳೆಯುವ ಮುಂಚಿನ ಆ ಹೆದರಿಕೆ, ಇದು ಯಾವುದೂ ದೂರ ನಿಂತವರಿಗೆ ತಲುಪುವುದಿಲ್ಲ.

ಇನ್ನು ಮುಂದೆ ಕಥೆ ಬಿಚ್ಚಿ ಹೇಳುತ್ತೇನೆ, ಆ ಗೇಮ್ ನೋಡದವರು ಆಡದವರು ಈ ಭಾಗ ಬಿಟ್ಟುಬಿಡಿ.

ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಎಲೀ, ಆ್ಯಬಿಯ ಗೆಳತಿ ನೋರಾಳನ್ನು ಹೊಡೆಯುವ ಜಾಗ ನೆನಪಿದೆಯಾ? ವಿಡಿಯೊದಲ್ಲಿ ಅದು ಒಂದು ಕ್ರೂರ ದೃಶ್ಯ, ನೋಡಿ ಮುಖ ತಿರುಗಿಸಬಹುದು. ಆಡುವವನಿಗೆ ಅಲ್ಲಿ ತೆರೆಯ ಮೇಲೆ ಬಟನ್ ಚಿಹ್ನೆ ಬರುತ್ತದೆ. ಒತ್ತಿದರೆ ಒಂದು ಏಟು. ಒತ್ತದಿದ್ದರೆ ಆಟ ಅಲ್ಲೇ ನಿಂತಿರುತ್ತದೆ, ಎಲೀ ಕಬ್ಬಿಣ ಹಿಡಿದು ನಿಂತೇ ಇರುತ್ತಾಳೆ. ನಾನು ಕಂಟ್ರೋಲರ್ (ಎರಡು ಕೈಯಲ್ಲಿ ಹಿಡಿದು ಆಡುವ ಬಟನ್ ಪೆಟ್ಟಿಗೆ) ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ವಾಪಸ್ ಬಂದಾಗಲೂ ಆ ಚಿಹ್ನೆ ಹಾಗೇ ಇತ್ತು. ಕೊನೆಗೆ ಒತ್ತಿದೆ. ನಿಮಗೆ ಆ ಹೊತ್ತು ಸಿಗಲಿಲ್ಲ, ಏಕೆಂದರೆ ನಿಮ್ಮ ವಿಡಿಯೊದವನು ಒತ್ತಿಬಿಟ್ಟ.

ಆ್ಯಬಿ ವಿಷಯವೂ ಅಷ್ಟೆ. ಕಥೆ ಅವಳ ಕಡೆ ಹೊರಳಿದಾಗ ನಿಮಗೆ ಬೇಜಾರಾಯಿತು ಅಂದಿರಿ. ನನಗೆ ಸಿಟ್ಟು ಬಂತು. ಹತ್ತು ಹನ್ನೆರಡು ಗಂಟೆ ಕೂತು ಎಲೀಗೆ ಕೂಡಿಸಿದ ಬಂದೂಕು, ಕಲಿಸಿದ ವಿದ್ಯೆ ಎಲ್ಲಾ ಒಂದೇ ಸಲ ಕೈಯಿಂದ ಹೋಯಿತು. ಆ್ಯಬಿ ಜೊತೆ ಮೊದಲಿಂದ ಶುರು. ಬೇಡ ಬೇಡ ಅಂದುಕೊಂಡೇ ಆಡಿದೆ. ಆಮೇಲೆ ಥಿಯೇಟರ್‌ನಲ್ಲಿ ಆ್ಯಬಿಯಾಗಿ ಎಲೀ ಎದುರು ನಿಂತಾಗ, ಎಲೀ ನನಗೇ ಬಲೆ ಹೂಡಿ, ಅಡಗಿ ಕೂತು ಹೊಡೆಯುತ್ತಿದ್ದಳು. ಅಷ್ಟು ಗಂಟೆ ಬೇರೆಯವರ ಮೇಲೆ ನಾನು ಮಾಡಿದ್ದನ್ನೇ ಅವಳು ನನ್ನ ಮೇಲೆ ಮಾಡುತ್ತಿದ್ದಳು. ಎದೆ ಬಡಿದುಕೊಂಡಿತು. ಆ ಹೊರಳುವಿಕೆ ತಪ್ಪೋ ಸರಿಯೋ ಅನ್ನುವ ತೀರ್ಪು ಅಲ್ಲಿ, ಆ ಕೈಯಲ್ಲಿ ಆಗಬೇಕು.

ಗೋಣಿಕೊಪ್ಪದ ಹಳಬ

ಮಂಜು, ನೀವು ಬರೆದದ್ದು ಚೆನ್ನಾಗಿದೆ. ಆದರೆ ಆಡಿದವರಿಗೆಲ್ಲ ಕಥೆ ಗೊತ್ತು ಅಂತ ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ಅದು ನಿಜವಲ್ಲ.

ನಾನು ಪಿಯುಸಿಯಲ್ಲಿದ್ದಾಗ ಗೋಣಿಕೊಪ್ಪದಲ್ಲಿ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಗಂಟೆಗಿಷ್ಟು ಅಂತ ದುಡ್ಡು. ನನ್ನ ಹತ್ತಿರ ಒಬ್ಬನಿಗೆ ಆಗುವಷ್ಟೂ ಇರುತ್ತಿರಲಿಲ್ಲ, ಹಾಗಾಗಿ ಗೆಳೆಯರ ಕುರ್ಚಿ ಹಿಂದೆ ನಿಂತು ನೋಡುತ್ತಿದ್ದೆ. ಎಲ್ಲರೂ ಆಡುತ್ತಿದ್ದದ್ದು 'ವೈಸ್ ಸಿಟಿ'. 2002ರ ಗೇಮ್, ನಮ್ಮಲ್ಲಿಗೆ ಸ್ವಲ್ಪ ತಡವಾಗಿ ಬಂತು. ಆಡುವವರು ಮಾಡುತ್ತಿದ್ದದ್ದು ಏನು? ಮಾತು ಶುರುವಾದ ಕೂಡಲೇ ಬಟನ್ ಒತ್ತಿ ಹಾರಿಸುವುದು. ಚೀಟ್ ಹಾಕಿ ಟ್ಯಾಂಕ್ ತರಿಸುವುದು. ಕಥಾನಾಯಕ ಟಾಮಿ ಯಾಕೆ ಆ ಊರಿಗೆ ಬಂದ, ಅವನಿಗೆ ಯಾರು ಮೋಸ ಮಾಡಿದರು ಅಂತ ಕೇಳಿದರೆ ನೂರು ಗಂಟೆ ಆಡಿದವನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಿಂದೆ ನಿಂತು "ಹಾರಿಸಬೇಡ ಮಾರಾಯ, ಸ್ವಲ್ಪ ಕೇಳೋಣ" ಅಂತ ಬೇಡಿಕೊಳ್ಳುತ್ತಿದ್ದವನು ನಾನು.

ಆಡುವವನ ಅರ್ಧ ಗಮನ ಯಾವಾಗಲೂ ಸಾಯದೆ ಉಳಿಯುವುದರ ಮೇಲೆ ಇರುತ್ತದೆ. ಮೂಲೆಯಲ್ಲಿ ಯಾರಿದ್ದಾರೆ, ಗುಂಡು ಎಷ್ಟು ಉಳಿದಿದೆ, ಮುಂದಿನ ಬಾಗಿಲು ಯಾವುದು. ನೋಡುವವನಿಗೆ ಆ ತಲೆಬಿಸಿ ಇಲ್ಲ. ಗೋಡೆ ಮೇಲೆ ಏನು ಬರೆದಿದೆ, ಪಾತ್ರದ ದನಿ ಎಲ್ಲಿ ಒಡೆಯಿತು, ಅವನಿಗೆ ಜಾಸ್ತಿ ಕಾಣಿಸುತ್ತದೆ. ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಎಷ್ಟು ಜನ ಆಡಿದ್ದಾರೆ, ಎಷ್ಟು ಜನ ಗ್ಯಾಲರಿಯಲ್ಲಿ ಕೂತಿದ್ದಾರೆ. ಚೆಂಡು ಹಿಂದೆ ಓಡುವವನಿಗೆ ಎಡಗಡೆ ಖಾಲಿ ಇದ್ದದ್ದು ಕಾಣುವುದಿಲ್ಲ, ಮೇಲೆ ಕೂತ ಅಜ್ಜನಿಗೆ ಕಾಣುತ್ತದೆ. ಪಂದ್ಯ ಹೇಗಿತ್ತು ಅಂತ ನಾನು ಆ ಅಜ್ಜನನ್ನು ಕೇಳುತ್ತೇನೆ, ಸುಸ್ತಾಗಿ ಬಂದ ಆಟಗಾರನನ್ನಲ್ಲ.

ಬ್ರಹ್ಮಗಿರಿ ಮಂಜು (ಶ್ರೀಮಂಗಲ)

ಅಣ್ಣ, ಆದರೆ ಆ ಅಜ್ಜ ಒಂದು ಕಾಲದಲ್ಲಿ ಸ್ಟಿಕ್ ಹಿಡಿದಿದ್ದವರೇ ಅಲ್ವಾ? ನಮ್ಮಲ್ಲಿ ಹಾಕಿ ಆಡದೆ ಬೆಳೆದ ಅಜ್ಜ ಎಲ್ಲಿದ್ದಾರೆ. ಅವರು ನೋಡುವುದೂ ಕೈಯಿಂದಲೇ.

ಮಾತು ಹಾರಿಸಿ ಆಡಿದವರು ಕಥೆಯ ಬಗ್ಗೆ ಮಾತಾಡಬಾರದು ಅನ್ನುವುದನ್ನು ಒಪ್ಪುತ್ತೇನೆ.

ಏಲಕ್ಕಿ (ಸೋಮವಾರಪೇಟೆ)

ನನಗೆ ಈ ಜಗಳದಲ್ಲಿ ಒಂದು ವಿಷಯ ಬೇಜಾರು. ಎಲ್ಲರೂ 'ಗೇಮ್' ಅಂತ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಅರೇಬಿಕಾನೂ ರೋಬಸ್ಟಾನೂ ಒಂದೇ ಗೋಣಿಗೆ ಸುರಿದ ಹಾಗೆ.

ಕೆಲವು ಗೇಮ್‌ಗಳಲ್ಲಿ ಕಥೆ ಮಾತಿನಲ್ಲಿ, ದೃಶ್ಯದಲ್ಲಿ ಇರುತ್ತದೆ. 2008ರ 'ಮೆಟಲ್ ಗೇರ್ ಸಾಲಿಡ್ 4' ನೋಡಿ, ಗಂಟೆಗಟ್ಟಲೆ ಕಟ್‌ಸೀನ್, ಅಂದರೆ ಆಡದೆ ಬರೀ ನೋಡುವ ದೃಶ್ಯ. ಅದನ್ನು ಆಡಿದವರೂ ಕಂಟ್ರೋಲರ್ ಮಡಿಲಲ್ಲಿಟ್ಟು ನೋಡಿದವರೇ. ಅಂಥದ್ದರ ಕಥೆಯ ಬಗ್ಗೆ ವಿಡಿಯೊ ನೋಡಿದವರು ಧಾರಾಳವಾಗಿ ಮಾತಾಡಬಹುದು.

ಇನ್ನು ಕೆಲವದರಲ್ಲಿ ಕಥೆ ಅಂದರೆ ಕಂಡುಹಿಡಿಯುವುದು. 'ರಿಟರ್ನ್ ಆಫ್ ದಿ ಓಬ್ರಾ ಡಿನ್' 2018ರದ್ದು, ಲೂಕಸ್ ಪೋಪ್ ಒಬ್ಬರೇ ಮಾಡಿದ್ದು. ಒಂದು ಖಾಲಿ ಹಡಗು ದಡಕ್ಕೆ ಬರುತ್ತದೆ, ಅದರಲ್ಲಿದ್ದ 60 ಜನರಿಗೆ ಏನಾಯಿತು ಅಂತ ನೀವೇ ಪುಸ್ತಕದಲ್ಲಿ ತುಂಬಬೇಕು. ಒಬ್ಬನ ಬೂಟು ನೋಡಿ, ಇನ್ನೊಬ್ಬನ ಮಾತಿನ ಧಾಟಿ ಕೇಳಿ, ಯಾರು ಯಾರ ಜೊತೆ ಮಲಗುವ ಜಾಗ ಹಂಚಿಕೊಂಡಿದ್ದ ಅಂತ ಗಮನಿಸಿ. ನಾನು ಒಬ್ಬ ನಾವಿಕನ ಹೆಸರು ಹುಡುಕಲು ಎರಡು ಸಂಜೆ ಕಳೆದೆ. ಸಿಕ್ಕಾಗ ಕುರ್ಚಿಯಿಂದ ಎದ್ದು ನಿಂತೆ. ವಿಡಿಯೊದಲ್ಲಿ ನೋಡಿದರೆ ಅದು ಒಂದು ಹೆಸರು ಅಷ್ಟೆ, ಬೇರೆ ಯಾರೋ ಬಿಡಿಸಿದ ಪದಬಂಧ. 'ಔಟರ್ ವೈಲ್ಡ್ಸ್' ಕೂಡ ಹಾಗೇ. ಅಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲಾ ಮೊದಲಿನಿಂದ ಶುರುವಾಗುತ್ತದೆ, ನಿಮ್ಮ ಹತ್ತಿರ ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಅದನ್ನು ಬೇರೆಯವರಿಂದ ತಿಳಿದುಕೊಂಡರೆ ಗೇಮೇ ಮುಗಿಯಿತು.

ಮೂರನೆಯ ಥರದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಕಥೆ ಬೆರಳಲ್ಲೇ ಇರುತ್ತದೆ. 'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್' ಅಂತ 2017ರ ಗೇಮ್. ಅದರಲ್ಲಿ ಲೂಯಿಸ್ ಅನ್ನುವ ಹುಡುಗ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ನಿಮ್ಮ ಬಲಗೈ ಮೀನು ಎಳೆದು ತಲೆ ಕತ್ತರಿಸಿ ಎಸೆಯುತ್ತಲೇ ಇರಬೇಕು. ಅದೇ ಹೊತ್ತಿಗೆ ಎಡಗೈ ಅವನ ಕನಸಿನ ರಾಜ್ಯದಲ್ಲಿ ಅವನನ್ನು ನಡೆಸುತ್ತಿರುತ್ತದೆ. ಕನಸು ತೆರೆಯ ಮೇಲೆ ದೊಡ್ಡದಾಗುತ್ತಾ ಹೋಗುತ್ತದೆ, ಮೀನು ಕಾಣದಾಗುತ್ತದೆ, ಆದರೆ ಬಲಗೈ ತನ್ನಷ್ಟಕ್ಕೆ ಕತ್ತರಿಸುತ್ತಲೇ ಇರುತ್ತದೆ. ನಾನು ರಜೆಯಲ್ಲಿ ಮನೆಯ ತೋಟದಲ್ಲಿ ಕಾಫಿ ಕುಯ್ದವಳು. ಹತ್ತು ಗಂಟೆಯ ಮೇಲೆ ಕೈ ತಾನೇ ಹಣ್ಣು ಬಿಡಿಸುತ್ತದೆ, ತಲೆ ಎಲ್ಲೋ ಇರುತ್ತದೆ. ಆ ಹುಡುಗನ ಸ್ಥಿತಿ ನನಗೆ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ನನ್ನ ಎರಡು ಕೈ ಎರಡು ಕಡೆ ಇತ್ತು, ಅಷ್ಟು ಸಾಕಾಯಿತು. ನೋಡಿದವರಿಗೆ ಎರಡು ಚಿತ್ರ ಕಾಣುತ್ತದೆ. ಎರಡು ಕೈ ಇರುವುದಿಲ್ಲ.

ಹಾಗಾಗಿ ಕಾಫಿಹೂ ಅಕ್ಕ, ಯಾವ ಗೇಮ್ ಅನ್ನುವುದನ್ನು ನೋಡಿ ಉತ್ತರ ಕೊಡಬೇಕು.

ಮಳೆಹಕ್ಕಿ (ನಾಪೋಕ್ಲು)

ನಾನು ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನನ್ನ ತಮ್ಮನ ಬಲಗೈಯ ಮೂರು ಬೆರಳು ನಾಲ್ಕು ವರ್ಷದ ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಸಿಕ್ಕಿ ಹೋಯಿತು. ಅವನು ಅದಕ್ಕೂ ಮೊದಲು ಗೇಮ್ ಹುಚ್ಚ. ಈಗ ನಾನು ಆಡುತ್ತೇನೆ, ಅವನು ಪಕ್ಕದಲ್ಲಿ ಕೂತು ನೋಡುತ್ತಾನೆ. ಸುಮ್ನೆ ನೋಡುವುದಿಲ್ಲ, ಎಲ್ಲಿ ಹೋಗಬೇಕು, ಯಾರಿಗೆ ಏನು ಹೇಳಬೇಕು, ಎಲ್ಲಾ ಅವನದೇ ತೀರ್ಮಾನ. ಹೋದ ವರ್ಷ ಹೀಗೇ 'ರೆಡ್ ಡೆಡ್ ರಿಡೆಂಪ್ಷನ್ 2' ಮುಗಿಸಿದೆವು. ಮೂರು ತಿಂಗಳು ಹಿಡಿಯಿತು.

ಅದರಲ್ಲಿ ಕಥಾನಾಯಕ ಆರ್ಥರ್ ಮಾರ್ಗನ್ ಸಾಲ ವಸೂಲಿಗೆ ಹೋಗಿ ಒಬ್ಬ ಬಡ ರೈತನನ್ನು ಹೊಡೆಯುತ್ತಾನೆ. ಆ ಮನುಷ್ಯ ಕೆಮ್ಮುತ್ತಿರುತ್ತಾನೆ. ಬಟನ್ ಒತ್ತಿದ್ದು ನಾನು. ಎಷ್ಟೋ ವಾರದ ಮೇಲೆ ಆರ್ಥರ್‌ಗೆ ಕ್ಷಯ ಅಂತ ಡಾಕ್ಟರ್ ಹೇಳಿದಾಗ, ಅದು ಆ ದಿನ ಅಂಟಿದ್ದು ಅಂತ ನನಗಿಂತ ಮೊದಲು ಹೇಳಿದ್ದು ತಮ್ಮ. ಅವನ ಮುಖ ಬಿಳಿಚಿಕೊಂಡಿತ್ತು. ನಾನು ಮರೆತೇ ಬಿಟ್ಟಿದ್ದೆ, ಏಕೆಂದರೆ ನಡುವೆ ನಾನು ಬೇಟೆ, ಕುದುರೆ, ಮೀನು ಅಂತ ನೂರು ಕೆಲಸ ಮಾಡಿದ್ದೆ. ಈಗ ಹೇಳಿ, ಆ ಕಥೆ ಯಾರಿಗೆ ಜಾಸ್ತಿ ತಟ್ಟಿತು? ಬಟನ್ ಒತ್ತಿದ ನನಗಾ, ಒತ್ತದ ಅವನಿಗಾ?

ಆ ಗೇಮ್‌ನ ಕೊನೆ ನಾವು ಆಡಿದ ರೀತಿ ನೋಡಿ ಬದಲಾಗುತ್ತದೆ. ಒಳ್ಳೆಯ ದಾರಿಯಲ್ಲಿ ನಡೆಸಿದ್ದರೆ ಆರ್ಥರ್ ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡುತ್ತಾ ಸಾಯುತ್ತಾನೆ. ಕೆಟ್ಟದಾಗಿ ನಡೆಸಿದ್ದರೆ ಅವನ ಗುಂಪಿನವನೇ ಆದ ಮೈಕಾ ಅವನನ್ನು ಗುಂಡು ಹೊಡೆದು ಕೊಲ್ಲುತ್ತಾನೆ. ತಮ್ಮ ಶುರುವಿನಿಂದ "ಅಕ್ಕಾ, ಅವರಿಗೆ ಸಹಾಯ ಮಾಡು, ದುಡ್ಡು ಕೊಡು, ಬಿಟ್ಟುಬಿಡು" ಅನ್ನುತ್ತಿದ್ದ. ನಮಗೆ ಸೂರ್ಯೋದಯ ಸಿಕ್ಕಿತು. ಅದು ಅವನದೇ ಸೂರ್ಯೋದಯ. ಯಾರಾದರೂ ಬಂದು ಅವನಿಗೆ ನೀನು ಆಡಿಲ್ಲ, ಮಾತಾಡಬೇಡ ಅಂದರೆ ನಾನು ಸುಮ್ಮನಿರುವುದಿಲ್ಲ.

ಕಾಫಿಹೂ (ಮಡಿಕೇರಿ)

ಮಳೆಹಕ್ಕಿ, ಇದನ್ನು ಓದಿ ಕಣ್ಣು ತುಂಬಿತು. ನಿಮ್ಮ ತಮ್ಮನಿಗೆ ನನ್ನ ಪ್ರೀತಿ ಹೇಳಿ.

ಆದರೆ ನಿಮ್ಮ ಮಾತಿನಿಂದಲೇ ನನಗೆ ಒಂದು ಅನುಮಾನ ಬಂತು. ನಿಮ್ಮ ತಮ್ಮ ನೋಡಿದ್ದು ತಾನೇ ನಡೆಸಿದ ಆರ್ಥರ್‌ನನ್ನು. ನಾನು ನೋಡಿದ ವಿಡಿಯೊದಲ್ಲಿ ನಾನು ಏನೂ ಹೇಳಲಿಲ್ಲ, ಹೇಳಿದರೂ ಕೇಳುವವರಿರಲಿಲ್ಲ. ಇದು ಎರಡೂ ಒಂದೇ 'ನೋಡುವುದು' ಅಲ್ಲ ಅನ್ನಿಸುತ್ತದೆ.

ಬ್ರಹ್ಮಗಿರಿ ಮಂಜು (ಶ್ರೀಮಂಗಲ)

ಮಳೆಹಕ್ಕಿ ಅಕ್ಕ, ನಿಮ್ಮ ತಮ್ಮ ಆಡಿದ್ದಾನೆ. ನಿಮ್ಮ ಕೈಯಲ್ಲಿ ಆಡಿದ್ದಾನೆ. ಅವನ ವಿಷಯದಲ್ಲಿ ನನಗೆ ಒಂದು ಚೂರೂ ಅನುಮಾನ ಇಲ್ಲ.

ಇನ್ನೊಂದು ಹೇಳಬೇಕು. ಕಾಫಿಹೂ ಅಕ್ಕ ನೋಡಿದ ಅದೇ ಎರಡನೇ ಭಾಗದಲ್ಲಿ ಅಂಗವೈಕಲ್ಯ ಇರುವವರಿಗಾಗಿ 60ಕ್ಕೂ ಹೆಚ್ಚು ಸೆಟ್ಟಿಂಗ್ ಇದೆ. ಬಟನ್‌ಗಳನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು, ಗುರಿ ತಾನೇ ಹಿಡಿಯುವ ಹಾಗೆ ಮಾಡಬಹುದು. ಕಣ್ಣು ಕಾಣದವರೂ ಸದ್ದು ಕೇಳಿ ಆಡಿ ಮುಗಿಸಿದ್ದಾರೆ. ತಮ್ಮನಿಗೆ ಎಡಗೈಗೆ ಹೊಂದಿಸಿ ಕೊಟ್ಟು ನೋಡಿ. ಆಗುತ್ತದೆ ಅಂತ ಮಾತು ಕೊಡಲಾರೆ, ಆದರೆ ನೋಡಬೇಕಾದ್ದೇ.

ಮಳೆಹಕ್ಕಿ (ನಾಪೋಕ್ಲು)

ಇದು ಗೊತ್ತೇ ಇರಲಿಲ್ಲ. ಇವತ್ತೇ ಹೇಳುತ್ತೇನೆ. ತುಂಬಾ ಥ್ಯಾಂಕ್ಸ್ ಮಂಜು.

ನಿವೃತ್ತ ಮೇಷ್ಟ್ರು (ಕುಶಾಲನಗರ)

ಮಕ್ಕಳೇ, ನಾನು ಗೇಮ್ ಆಡಿದವನಲ್ಲ. ಮೊಮ್ಮಗ ಆಡುವುದನ್ನು ನೋಡಿದ್ದೇನೆ. ಸಿನಿಮಾ ಬಗ್ಗೆ ಓದುವ ಅಭ್ಯಾಸ ಇರುವುದರಿಂದ ನನಗೆ ನೆನಪಾದದ್ದು ಹೇಳುತ್ತೇನೆ.

ಅಮೆರಿಕದ ಪ್ರಸಿದ್ಧ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರ ಏಪ್ರಿಲ್‌ನಲ್ಲಿ ವಿಡಿಯೊ ಗೇಮ್ ಎಂದೂ ಕಲೆಯಾಗಲಾರದು ಎಂದು ಬರೆದರು. ಕೆಲೀ ಸ್ಯಾಂಟಿಯಾಗೊ ಎಂಬ ಗೇಮ್ ತಯಾರಕಿ ಒಂದು ಭಾಷಣದಲ್ಲಿ ತೋರಿಸಿದ 'ಬ್ರೇಡ್', 'ಫ್ಲವರ್' ಮುಂತಾದವುಗಳ ತುಣುಕುಗಳನ್ನು ನೋಡಿ, ಅದರ ಮೇಲೆ ವಾದ ಕಟ್ಟಿದ್ದರು. ಸಾವಿರಾರು ಓದುಗರು ತಿರುಗಿ ಬರೆದರು. ಅದೇ ಜುಲೈಯಲ್ಲಿ ಅವರು ಮತ್ತೆ ಬರೆದು, ಆಡಿದ ಅನುಭವ ಇಲ್ಲದೆ ತಾನು ಆ ಲೇಖನ ಬರೆಯಬಾರದಿತ್ತು ಎಂದು ಒಪ್ಪಿಕೊಂಡರು. ಅಭಿಪ್ರಾಯವನ್ನು ಮಾತ್ರ ಪೂರ್ತಿ ಬಿಡಲಿಲ್ಲ. ಆ ಎರಡನೆಯ ಬರಹದಿಂದ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಸಾವಿರಾರು ಸಿನಿಮಾ ನೋಡಿದ ಕಣ್ಣು ಅದು, ನೋಡುವುದರಲ್ಲಿ ಅವರಿಗಿಂತ ಪಳಗಿದವರು ಯಾರು? ಅಂಥವರೂ ತುಣುಕು ನೋಡಿ ತೀರ್ಪು ಕೊಡಲು ಹೋಗಿ ಎಡವಿದರು.

ಕಾಫಿಹೂ, ನೀನು ತುಣುಕು ನೋಡಿಲ್ಲ ತಾಯಿ, ಪೂರ್ತಿ ನೋಡಿದ್ದೀಯ. ಆದ್ದರಿಂದ ನಿನ್ನನ್ನು ಅವರ ಸಾಲಿಗೆ ಸೇರಿಸುವುದಿಲ್ಲ. ಆದರೆ ಒಂದು ಕೆಲಸ ಮಾಡು. 'ಕಥೆ ಎಳೆದಿದ್ದಾರೆ' ಎಂದೆಯಲ್ಲ, ಅದು ಯಾವ ಉದ್ದ? ಆಟದ ಉದ್ದವಾ, ವಿಡಿಯೊದ ಉದ್ದವಾ?

ಏಲಕ್ಕಿ (ಸೋಮವಾರಪೇಟೆ)

ಮೇಷ್ಟ್ರೇ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ವಿಡಿಯೊದಲ್ಲಿ ಹೊತ್ತು ಬೇರೆ ಥರ ಓಡುತ್ತದೆ. 2005ರ 'ಶ್ಯಾಡೋ ಆಫ್ ದಿ ಕೊಲೋಸಸ್' ಇದೆಯಲ್ಲ, ಅದರಲ್ಲಿ ಇರುವುದು 16 ದೈತ್ಯರು. ಬೇರೆ ಶತ್ರುಗಳಿಲ್ಲ, ಊರಿಲ್ಲ, ಜನರಿಲ್ಲ. ಒಂದು ದೈತ್ಯನಿಂದ ಇನ್ನೊಂದಕ್ಕೆ ಖಾಲಿ ಬಯಲಲ್ಲಿ ಕುದುರೆ ಓಡಿಸುತ್ತಾ ಹೋಗಬೇಕು. ವಿಡಿಯೊ ಹಾಕುವವರು ಅದನ್ನೇ ಮೊದಲು ಕತ್ತರಿಸುತ್ತಾರೆ, ಬೋರ್ ಅಂತ. ಆದರೆ ಆ ಖಾಲಿ ದಾರಿಯಲ್ಲೇ, ನಾನು ಕೊಲ್ಲುತ್ತಿರುವ ಈ ಪ್ರಾಣಿ ನನಗೇನು ಮಾಡಿತ್ತು ಅನ್ನುವ ಯೋಚನೆ ಹುಟ್ಟುವುದು. ದಾರಿ ತೆಗೆದರೆ ಯೋಚನೆಯೂ ಹೋಯಿತು. ಉಳಿಯುವುದು 16 ಕಾಳಗ.

ಅದರ ಮೇಲೆ ವಿಡಿಯೊದವರು ಮಾತಾಡುತ್ತಿರುತ್ತಾರೆ. ದುಃಖದ ಜಾಗದಲ್ಲಿ ನಗುತ್ತಾರೆ, ಸುಮ್ಮನಿರಬೇಕಾದಲ್ಲಿ ಚಂದಾದಾರರಿಗೆ ಧನ್ಯವಾದ ಹೇಳುತ್ತಾರೆ. ಅವರ ಮನಸ್ಸು ನಮ್ಮ ಮೇಲೆ ಅಂಟುತ್ತದೆ.

ಗೋಣಿಕೊಪ್ಪದ ಹಳಬ

ಅದಕ್ಕೇ ನಾನು ಮಾತಿಲ್ಲದ ವಿಡಿಯೊ ಹುಡುಕಿ ನೋಡುವುದು.

ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. 2021ರಲ್ಲಿ ಗೇಮ್ ಆಡುವ ಯಂತ್ರ ಪಿಎಸ್5 (ಪ್ಲೇಸ್ಟೇಷನ್ 5) ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಮೇಲಿಂದ ಒಂದೊಂದು ಹೊಸ ಗೇಮ್‌ಗೆ ಸಾವಿರಗಟ್ಟಲೆ. ಬೆಳೆ ಕೈಕೊಟ್ಟ ವರ್ಷ ಎಷ್ಟು ಮನೆಯಲ್ಲಿ ಇದು ಸಾಧ್ಯ? ಆಡಿದವರು ಮಾತ್ರ ಮಾತಾಡಿ ಅಂದರೆ, ದುಡ್ಡಿದ್ದವರು ಮಾತ್ರ ಮಾತಾಡಿ ಅಂದ ಹಾಗಾಯಿತು. ನನಗೆ ಈ ಕಥೆಗಳೆಲ್ಲ ಸಿಕ್ಕಿದ್ದು ಬೇರೆಯವರ ಕುರ್ಚಿ ಹಿಂದೆ ನಿಂತೇ. ಅವನ್ನು ನನ್ನಿಂದ ಯಾರೂ ಕಿತ್ತುಕೊಳ್ಳಬಾರದು.

ಬ್ರಹ್ಮಗಿರಿ ಮಂಜು (ಶ್ರೀಮಂಗಲ)

ಕಿತ್ತುಕೊಳ್ಳುವ ಮಾತೇ ಇಲ್ಲ ಅಣ್ಣ. ನೀವು ಹೇಳಿದ್ದು ನ್ಯಾಯ. ಆದರೆ ದುಡ್ಡಿಲ್ಲದಿರುವುದು ಅನ್ಯಾಯ ಅಂದ ಮಾತ್ರಕ್ಕೆ ನೋಡಿದ್ದು ಆಡಿದ ಹಾಗೆ ಆಗುವುದಿಲ್ಲ. ಎರಡೂ ಬೇರೆ ಬೇರೆ ನೋವು.

ಮಾಡುವವರ ಕಡೆಯಿಂದಲೂ ನೋಡಿ. 'ದಟ್ ಡ್ರ್ಯಾಗನ್, ಕ್ಯಾನ್ಸರ್' ಅಂತ 2016ರಲ್ಲಿ ಒಂದು ಗೇಮ್ ಬಂತು. ರಯಾನ್ ಮತ್ತು ಏಮೀ ಗ್ರೀನ್ ಅನ್ನುವ ದಂಪತಿ, ಕ್ಯಾನ್ಸರ್‌ನಿಂದ ತೀರಿಕೊಂಡ ತಮ್ಮ ಪುಟ್ಟ ಮಗನ ಬಗ್ಗೆ ಮಾಡಿದ್ದು. ಚಿಕ್ಕ ಗೇಮ್, ಎರಡು ಗಂಟೆಯದ್ದು. ಲಕ್ಷಾಂತರ ಜನ ಅದನ್ನು ವಿಡಿಯೊದಲ್ಲಿ ಪೂರ್ತಿ ನೋಡಿದರು, ಅತ್ತರು, ಖರೀದಿ ಮಾಡಲಿಲ್ಲ. ತಮ್ಮ ಕೈಗೆ ಇನ್ನೂ ಒಂದು ಡಾಲರೂ ಬಂದಿಲ್ಲ ಅಂತ ರಯಾನ್ ಆ ವರ್ಷವೇ ನೋವಿನಿಂದ ಬರೆದರು. ನೋಡಿದವರಿಗೆ 'ನಮಗೆ ಕಥೆ ಸಿಕ್ಕಿತು' ಅನ್ನಿಸಿತ್ತು. ಮಗುವಿನ ಅಳು ನಿಲ್ಲಿಸಲು ಏನು ಮಾಡಿದರೂ ಆಗದೆ, ಕಂಟ್ರೋಲರ್ ಹಿಡಿದು ಸುಮ್ನೆ ಕೂರಬೇಕಾದ ಆ ಕೋಣೆ ಅವರಿಗೆ ಸಿಗಲಿಲ್ಲ. ಅಲ್ಲಿ ಏನೇ ಮಾಡಿದರೂ ಪ್ರಯೋಜನ ಇಲ್ಲ ಅನ್ನುವುದು, ಏನಾದರೂ ಮಾಡಲು ನೋಡಿದವನಿಗೆ ಮಾತ್ರ ಗೊತ್ತಾಗುವುದು.

'ಅಂಡರ್‌ಟೇಲ್' ಅನ್ನುವ 2015ರ ಗೇಮ್ ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ಎಲ್ಲರನ್ನೂ ಕೊಲ್ಲುವ ದಾರಿ ಹಿಡಿದರೆ, ಒಂದು ಪಾತ್ರ, ತಾವೇ ಮಾಡುವ ಧೈರ್ಯ ಇಲ್ಲದೆ ಬೇರೆಯವರು ಮಾಡುವುದನ್ನು ನೋಡುತ್ತಾ ನಿಲ್ಲುವವರ ಬಗ್ಗೆ ಕಟುವಾಗಿ ಮಾತಾಡುತ್ತದೆ. ವಿಡಿಯೊ ನೋಡುವವರಿಗೇ ನೇರ ಬಡಿಯುತ್ತದೆ ಅದು. ಬರೆದವರು ನೋಡುಗರನ್ನೂ ಲೆಕ್ಕಕ್ಕೆ ಹಿಡಿದಿದ್ದರು.

ಗೋಣಿಕೊಪ್ಪದ ಹಳಬ

ಹಾಗಾದರೆ ನೋಡುವವರಿಗಾಗಿಯೇ ಬರೆದ ಮಾತು ನೋಡುವವರಿಗೆ ತಲುಪಿತಲ್ಲ. ಆ ಒಂದು ಸಾಲಿನ ಮಟ್ಟಿಗೆ ಆಡಿದವರಿಗಿಂತ ನೋಡಿದವರೇ ಸರಿಯಾದ ಓದುಗರು.

ಬ್ರಹ್ಮಗಿರಿ ಮಂಜು (ಶ್ರೀಮಂಗಲ)

ಇದು ನನಗೆ ಹೊಳೆದಿರಲಿಲ್ಲ. ನಿಜ.

ಏಲಕ್ಕಿ (ಸೋಮವಾರಪೇಟೆ)

ಕಾಫಿಹೂ ಅಕ್ಕ, ವಾದ ಮಾಡುತ್ತಾ ಕೂತರೆ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ. ಒಂದು ಪರೀಕ್ಷೆ ಮಾಡಿ ನೋಡಿ. 2013ರಲ್ಲಿ ಬಂದ 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್' ಅಂತ ಗೇಮ್ ಇದೆ, ಜೋಸೆಫ್ ಫಾರೆಸ್ ನಿರ್ದೇಶನದ್ದು. ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಹಳೆಯದು, ಸೇಲ್‌ನಲ್ಲಿ ಕಡಿಮೆಗೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕಂಟ್ರೋಲರ್ ಹಿಡಿದೇ ಆಡಿ. ಪಾತ್ರಗಳು ಆಡುವುದು ಯಾರಿಗೂ ಗೊತ್ತಿಲ್ಲದ ಕಟ್ಟುಭಾಷೆ, ಹಾಗಾಗಿ ಮಾತು ಕೇಳಿ ಕಥೆ ತಿಳಿಯುವ ಪ್ರಶ್ನೆಯೇ ಇಲ್ಲ.

ಮೊದಲು ಅದರ ಕೊನೆಯ ಅರ್ಧ ಗಂಟೆಯನ್ನು ವಿಡಿಯೊದಲ್ಲಿ ನೋಡಿ. ಕಥೆ ತಿಳಿದುಬಿಡಲಿ ಪರವಾಗಿಲ್ಲ. ನಿಮಗೆ ಏನನ್ನಿಸಿತು ಅಂತ ಬರೆದಿಡಿ. ಆಮೇಲೆ ಆಡಿ.

ಕಾಫಿಹೂ (ಮಡಿಕೇರಿ)

ಆಯಿತು. ಅಣ್ಣನ ಹತ್ತಿರ ಲ್ಯಾಪ್‌ಟಾಪ್ ಕೇಳಬೇಕು. ಮಾತಾಡಿಸದೆ ಒಂದು ವಾರ ಆಯಿತು, ಇದೇ ನೆಪ.

ಕಾಫಿಹೂ (ಮಡಿಕೇರಿ)

ಎಂಟು ದಿನ ಆಯಿತು, ಹೇಳಲು ಬಂದೆ. ಆ ಗೇಮ್‌ನ ಕೊನೆ ಗೊತ್ತಾಗುವುದು ಬೇಡ ಅನ್ನುವವರು ಓದಬೇಡಿ.

ವಿಡಿಯೊ ನೋಡಿದ ಮೇಲೆ ನಾನು ಬರೆದಿಟ್ಟದ್ದು ಹೀಗಿದೆ: "ಅಪ್ಪನಿಗೆ ಹುಷಾರಿಲ್ಲ, ಇಬ್ಬರು ಮಕ್ಕಳು ಮದ್ದಿಗೆ ಹೋಗುತ್ತಾರೆ, ಅಣ್ಣ ಸಾಯುತ್ತಾನೆ, ತಮ್ಮ ನೀರಿಗೆ ಹೆದರುವವನು ಕೊನೆಗೆ ಈಜಿ ಮದ್ದು ತರುತ್ತಾನೆ. ಚೆನ್ನಾಗಿದೆ. ಅಣ್ಣ ಸಾಯುತ್ತಾನೆ ಅಂತ ಮೊದಲೇ ಊಹಿಸಬಹುದಿತ್ತು." ಕಣ್ಣಲ್ಲಿ ಸ್ವಲ್ಪ ನೀರು ಬಂತು, ಅದೂ ನಿಜ.

ಆಮೇಲೆ ಅಣ್ಣನ ಮನೆಯಲ್ಲಿ ಕೂತು ಆಡಿದೆ. ಕಂಟ್ರೋಲರ್‌ನಲ್ಲಿ ಹೆಬ್ಬೆರಳಿಂದ ತಳ್ಳುವ ಎರಡು ಸ್ಟಿಕ್ ಇವೆ, ಎಡಗೈಯ ಸ್ಟಿಕ್ ದೊಡ್ಡವನನ್ನು ನಡೆಸುತ್ತದೆ, ಬಲಗೈಯದ್ದು ಚಿಕ್ಕವನನ್ನು. ಮೊದಲ ಒಂದು ಗಂಟೆ ಇಬ್ಬರೂ ಗೋಡೆಗೆ ಹೋಗಿ ಹೊಡೆಯುತ್ತಿದ್ದರು, ಅಣ್ಣ ಪಕ್ಕದಲ್ಲಿ ಕೂತು ಏನೂ ಅನ್ನಲಿಲ್ಲ. ನಿಧಾನಕ್ಕೆ ಎರಡು ಹೆಬ್ಬೆರಳು ಒಂದಕ್ಕೊಂದು ಕೇಳಿಸಿಕೊಳ್ಳಲು ಶುರು ಮಾಡಿದವು. ಹೊಳೆ ಬಂದಾಗಲೆಲ್ಲ ಚಿಕ್ಕವನು ದೊಡ್ಡವನ ಬೆನ್ನು ಹಿಡಿದುಕೊಳ್ಳುತ್ತಾನೆ, ಅಮ್ಮ ಮುಳುಗಿ ಸತ್ತ ಮೇಲೆ ಅವನಿಗೆ ನೀರು ಅಂದರೆ ಭಯ.

ಗೇಮ್‌ನ ಅಣ್ಣ ಸಾಯುವುದು ನನಗೆ ಗೊತ್ತಿತ್ತು. ಆದರೆ ಅವನನ್ನು ಮಣ್ಣು ಮಾಡಿದ ಮೇಲೆ ನನ್ನ ಎಡಗೈಗೆ ಕೆಲಸ ಇರಲಿಲ್ಲ. ಹೆಬ್ಬೆರಳು ಸ್ಟಿಕ್ ಮೇಲೆ ಹಾಗೇ ಕೂತಿತ್ತು. ತಳ್ಳಿದರೆ ಏನೂ ಆಗುತ್ತಿರಲಿಲ್ಲ. ಮೂರು ಗಂಟೆ ಜೊತೆಗಿದ್ದವನು ಇಲ್ಲ ಅನ್ನುವುದು ನನಗೆ ಕಣ್ಣಿಂದ ಗೊತ್ತಾಗಲಿಲ್ಲ, ಎಡಗೈಯಿಂದ ಗೊತ್ತಾಯಿತು. ಕೊನೆಗೆ ಮಳೆಯಲ್ಲಿ ಹೊಳೆ ಎದುರಾಗುತ್ತದೆ. ಚಿಕ್ಕವನು ನೀರಿಗೆ ಇಳಿಯುವುದೇ ಇಲ್ಲ. ಬಲಗೈಯ ಬಟನ್ ಎಷ್ಟು ಒತ್ತಿದರೂ ಹಿಂದೆ ಸರಿಯುತ್ತಾನೆ. ವಿಡಿಯೊದಲ್ಲಿ ಅವನು ಸ್ವಲ್ಪ ಹಿಂಜರಿದು ಈಜಿದ ಹಾಗೆ ಕಂಡಿತ್ತು. ಇಲ್ಲಿ ಏನು ಮಾಡಬೇಕು ಅಂತ ತಿಳಿಯದೆ ನಿಂತೆ. ಆಮೇಲೆ ಸುಮ್ನೆ ಕೂತಿದ್ದ ಎಡಗೈಯಿಂದ, ಸತ್ತ ಅಣ್ಣನ ಬಟನ್ ಒತ್ತಿದೆ. ಅವನು ಈಜಿದ.

ಆ ಬಟನ್ ವಿಡಿಯೊದಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ. ತೆರೆಯ ಮೇಲೆ ಏನೂ ಬರುವುದಿಲ್ಲ, ಅದು ನನ್ನ ಬೆರಳಿಗೆ ಮಾತ್ರ ಗೊತ್ತು. ನಾನು ಅತ್ತದ್ದಕ್ಕೆ ದೊಡ್ಡಮ್ಮ ಒಳಗಿಂದ ಬಂದು ಏನಾಯಿತು ಅಂತ ಕೇಳಿದರು.

ಈಗ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. 'ಲಾಸ್ಟ್ ಆಫ್ ಅಸ್' ಎರಡನೇ ಭಾಗದ ಬಗ್ಗೆ ನಾನು ಹೇಳಿದ್ದರಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಒಂದನ್ನು ಇಲ್ಲ. ಆ್ಯಬಿ ಕಡೆಗೆ ಹೊರಳಿದ್ದು ತಪ್ಪು ಅನ್ನುವ ಮಾತು ನಾನು ಆಡುವವರೆಗೆ ಪಕ್ಕಕ್ಕಿಡುತ್ತೇನೆ, ಮಂಜು ಹೇಳಿದ ಸಿಟ್ಟು ನನ್ನ ಕೈಗೆ ಬಂದಿಲ್ಲ. ಆದರೆ ತೋಟದ ಮನೆಯಲ್ಲಿ ಎಲ್ಲಾ ಮುಗಿಯಿತು ಅಂದುಕೊಂಡ ಮೇಲೆ ಕಥೆ ಮತ್ತೆ ಎದ್ದು ಸಾಂತಾ ಬಾರ್ಬರಾಕ್ಕೆ ಹೋಗುತ್ತದಲ್ಲ, ಅದಕ್ಕೆ ಕೊಟ್ಟ ಕಾರಣ ನನಗೆ ಈಗಲೂ ಸಾಲದು. ಅದು ಮಾತಿನಲ್ಲಿ, ದೃಶ್ಯದಲ್ಲಿ ಇರುವ ದೋಷ. ನೋಡಿದವರಿಗೂ ಕಾಣುತ್ತದೆ. ಇದನ್ನು ಅಣ್ಣನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ತನಗೂ ಹಾಗೇ ಅನ್ನಿಸಿತ್ತು ಅಂದ. ಅವತ್ತು ಊಟಕ್ಕೆ ಕೂತಾಗ ಹಾಗೆ ಮಾತಾಡಬಾರದಿತ್ತು ಅಂತಲೂ ಹೇಳಿದ.

ಪುತ್ತರಿಗೆ ಬರುವಾಗ ಪಿಎಸ್4 ತರುತ್ತಾನಂತೆ.

ಮಳೆಹಕ್ಕಿ (ನಾಪೋಕ್ಲು)

ಕಾಫಿಹೂ, ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಕರೆಂಟ್ ಹೋದರೂ ಸ್ವಲ್ಪ ಹೊತ್ತು ಆಡಬಹುದು. ಪುತ್ತರಿ ಮುಗಿದ ಮೇಲೆ ನೀವೂ ಅಣ್ಣನೂ ಇಲ್ಲಿಗೆ ಬನ್ನಿ. ತಮ್ಮ ಎಡಗೈಗೆ ಬಟನ್ ಹೊಂದಿಸಿಕೊಂಡು ನಿನ್ನೆಯಿಂದ ಎರಡನೇ ಭಾಗ ಶುರು ಮಾಡಿದ್ದಾನೆ, ತುಂಬಾ ನಿಧಾನ, ಒಂದು ಬಾಗಿಲು ದಾಟಲು ಅರ್ಧ ಗಂಟೆ ಆಯಿತು. ಈಗ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ.